ಬೇಳೆ ಎಲ್ಲಿ ತರ್ತೀರಿ?

ಬೆಂಗಳೂರಿಗೆ ಸಂಸಾರ ಎತ್ತಿಕೊಂಡು ಬಂದವರಿಗೆ ಈ ಊರು ಮನೆ ಕೊಡಲು ಸತಾಯಿಸುತ್ತದೆ, ನೀರು ಕೊಡಲು ಇನ್ನೂ ಸತಾಯಿಸುತ್ತದೆ. ಸಲಹೆ ಕೊಡುವುದಕ್ಕೆ ಮಾತ್ರ ಒಂದು ದಿನವೂ ಜಿಪುಣತನ ಮಾಡಿದ್ದಿಲ್ಲ. ಲಾರಿಯಿಂದ ಬೀರು ಇಳಿಯುವ ಮೊದಲೇ ಪಕ್ಕದ ಗೇಟಿನಿಂದ ಒಂದು ತಲೆ ಇಣುಕುತ್ತದೆ. "ಹೊಸಬರಾ? ದಿನಸಿಗೆ ಎಲ್ಲಿ ಹೋಗ್ತೀರಿ?" ಈ ಪ್ರಶ್ನೆಗೆ ಸರಿಯುತ್ತರ ಎಂಬುದಿಲ್ಲ. "ಮೂಲೆ ಅಂಗಡಿಗೆ" ಅಂದರೆ "ಅಯ್ಯೋ, ಅವನು ಕೊಯ್ತಾನೆ ಕಣ್ರೀ". "ಸೂಪರ್‌ಮಾರ್ಕೆಟ್ಟಿಗೆ" ಅಂದರೆ "ಅಲ್ಲಿ ಬೇಳೆ ಬೇಯೋದೇ ಇಲ್ಲ". "ಇನ್ನೂ ಯೋಚನೆ ಮಾಡಿಲ್ಲ" ಅಂದಿರೋ, ಮುಗಿಯಿತು. ಲಾರಿಯವನು ಬಾಡಿಗೆ ಇಸಿದುಕೊಂಡು ಹೋಗಿ ಅರ್ಧ ಗಂಟೆಯಾದರೂ ನೀವು ಗೇಟಿನ ಹತ್ತಿರವೇ ತಲೆಯಾಡಿಸುತ್ತಾ ನಿಂತಿರುತ್ತೀರಿ.

ನಾವು ಸಾಗರದ ಕಡೆಯವರು. ಅಲ್ಲಿ ದಿನಸಿ ಅಂಗಡಿ ಆರಿಸುವ ಕಷ್ಟವೇ ಇರಲಿಲ್ಲ. ಮಾವನವರ ಅಪ್ಪ ಯಾವ ಅಂಗಡಿಯಲ್ಲಿ ಲೆಕ್ಕ ಬರೆಸಿದ್ದರೋ ಅದೇ ನಮ್ಮ ಅಂಗಡಿ. ಅಡಿಕೆ ಮಾರಿದಾಗ ಚುಕ್ತಾ ಮಾಡುವುದು, ಮಾರನೇ ದಿನದಿಂದ ಮತ್ತೆ ಬರೆಸುವುದು. ಅಂಗಡಿ ಬದಲಾಯಿಸಬೇಕಾದರೆ ಹಳೆಯ ಬಾಕಿ ತೀರಬೇಕು. ಬಾಕಿ ತೀರುವುದಿಲ್ಲ, ಅಂಗಡಿ ಬದಲಾಗುವುದಿಲ್ಲ. ಬೆಂಗಳೂರಿನಲ್ಲಿ ಹಾಗಲ್ಲ. ನಮ್ಮ ಬಾಡಿಗೆ ಮನೆಯಿಂದ ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಪ್ರಾವಿಷನ್ ಸ್ಟೋರ್ಸುಗಳು, ಒಂದು ಸೂಪರ್‌ಮಾರ್ಕೆಟ್, ಹಾಪ್‌ಕಾಮ್ಸ್ ಮಳಿಗೆ, ನಂದಿನಿ ಬೂತು, ತಳ್ಳುಗಾಡಿಗಳ ಸಾಲು ಎಲ್ಲ ಸಿಗುತ್ತವೆ. ಸಾಲದ್ದಕ್ಕೆ ಕೈಯಲ್ಲೊಂದು ಫೋನು, ಅದರೊಳಗೆ ಇನ್ನಷ್ಟು ಅಂಗಡಿ.

ನಮ್ಮ ಕಟ್ಟಡದಲ್ಲಿ ನಾಲ್ಕು ಮನೆ. ದಿನಸಿಯ ವಿಷಯದಲ್ಲಿ ನಾಲ್ಕೂ ಬೇರೆ ಬೇರೆ ಘರಾನೆ. ಒಬ್ಬರ ರಾಗ ಇನ್ನೊಬ್ಬರಿಗೆ ಅಪಸ್ವರ. ಮನೆ ಓನರ್ ಆಂಟಿ ಮದುವೆಯಾಗಿ ಬಂದಾಗಿನಿಂದ ಒಂದೇ ಅಂಗಡಿಗೆ ನಿಷ್ಠರು. ಮೇಲಿನ ಮನೆಯ ನಿವೃತ್ತ ರಾಯರಿಗೆ ಸಗಟು ಮಾರುಕಟ್ಟೆ ಬಿಟ್ಟರೆ ಉಳಿದದ್ದೆಲ್ಲ ಹಗಲುದರೋಡೆ. ಎದುರು ಮನೆಯ ಐಟಿ ಹುಡುಗಿ ಉಪ್ಪನ್ನೂ ಆ್ಯಪಿನಲ್ಲೇ ತರಿಸುವವಳು. ನಾಲ್ಕನೆಯದು ನಮ್ಮದು. ಅಲ್ಲಿ ನಮ್ಮನೆಯವರು ಸೂಪರ್‌ಮಾರ್ಕೆಟ್ ಪಕ್ಷ, ನಾನು ಸಮಯ ಸಾಧಕಿ.

ಇವರೆಲ್ಲರ ಮಾತು ಕೇಳಿ ಕೇಳಿ ನನಗೊಂದು ಅನುಮಾನ ಹುಟ್ಟಿತು. ಯಾರೂ ಬೇಳೆಯ ಬಗ್ಗೆ ಮಾತಾಡುತ್ತಲೇ ಇಲ್ಲ! ತೊಗರಿ ಕಲಬುರಗಿಯಿಂದ ಬರುತ್ತದೆ, ಲಾತೂರಿನಿಂದ ಬರುತ್ತದೆ, ಬೆಳೆ ಕೈಕೊಟ್ಟ ವರ್ಷ ಮ್ಯಾನ್ಮಾರ್, ಮೊಜಾಂಬಿಕ್‌ನಿಂದಲೂ ಹಡಗು ಹತ್ತಿ ಬರುತ್ತದೆ. ಯಾವ ಅಂಗಡಿಗೆ ಬಂದರೂ ಸಾರಿಗೆ ಬಿದ್ದ ಮೇಲೆ ಬೇಳೆ ಬೇಳೆಯೇ. ಆದರೆ ಪ್ರತಿ ಅಂಗಡಿಯೂ ಬೇಳೆಯ ಜೊತೆ ಒಂದೊಂದು ಬಗೆಯ ಹೆಮ್ಮೆಯನ್ನು ಪೊಟ್ಟಣ ಕಟ್ಟಿ ಕೊಡುತ್ತದೆ. ಜನ ಹೋಗುವುದು ಆ ಪೊಟ್ಟಣಕ್ಕೆ. ಬೇಳೆ ನೆಪಮಾತ್ರ.

ಮೂಲೆ ಅಂಗಡಿಯನ್ನೇ ನೋಡಿ. ಬೋರ್ಡಿನಲ್ಲಿ ದೇವರ ಹೆಸರು, ಗಲ್ಲಾದಲ್ಲಿ ರಾಜಸ್ಥಾನದ ಕಡೆಯ ಸೇಟು, ಅವರ ಬಾಯಲ್ಲಿ ನಮಗಿಂತ ಚುರುಕಾದ ಕನ್ನಡ. ಇಲ್ಲಿ ಸಾಮಾನು ಮುಟ್ಟುವ ಹಾಗಿಲ್ಲ, ಹೊರಗೆ ನಿಂತು ಚೀಟಿ ಓದಬೇಕು. ಓದುವಾಗ ಹಿಂದೆ ನಿಂತವರೆಲ್ಲ ನಿಮ್ಮ ಮನೆಯ ಸ್ಥಿತಿಗತಿ ಅಂದಾಜು ಮಾಡುತ್ತಾರೆ. ಹಾಗಾಗಿ ಅನುಭವಸ್ಥರು ಗೋಡಂಬಿ, ಏಲಕ್ಕಿಯನ್ನು ಗಟ್ಟಿಯಾಗಿ ಹೇಳಿ, ತಿಗಣೆ ಔಷಧಿಯನ್ನು ಮಾತ್ರ ಕಣ್ಸನ್ನೆಯಲ್ಲಿ ಕೇಳುತ್ತಾರೆ. ಮೊದಮೊದಲು ನೀವು "ಹೇಳಿ ಮೇಡಂ". ಆಮೇಲೊಂದು ಶುಭದಿನ "ಏನ್ ಕೊಡ್ಲಿ ಅಕ್ಕಾ" ಆಗುತ್ತದೆ. ಅದರಾಚೆಗೆ "ಅಕ್ಕಾ, ಈ ಬೇಳೆ ನಿಮಗೆ ಬೇಡ, ನಾಳೆ ಹೊಸಾದು ಬರುತ್ತೆ" ಎಂಬ ಮಾತು ಬಂತೋ, ನಿಮಗೆ ಈ ಊರಿನ ಪೌರತ್ವ ಸಿಕ್ಕಿತೆಂದೇ ತಿಳಿಯಿರಿ. ಆಮೇಲೆ ಅಲ್ಲಿ ಕೆ.ಜಿ.ಗೆ ಹತ್ತು ರೂಪಾಯಿ ಹೆಚ್ಚಾದರೂ ಯಾರು ಬಿಟ್ಟು ಹೋಗುತ್ತಾರೆ? ಎದುರಿನ ಅಂಗಡಿಯ ಹುಡುಗ ನನ್ನನ್ನು ನೋಡಿದ ಕೂಡಲೇ "ಏನ್ ಬೇಕು ಆಂಟಿ" ಅಂದ. ಆ ಗಳಿಗೆಯಿಂದ ಅವನ ಅಂಗಡಿಯ ಕೊತ್ತಂಬರಿ ಸೊಪ್ಪು ನನ್ನ ಕಣ್ಣಿಗೆ ಬಾಡಿದಂತೆಯೇ ಕಾಣುತ್ತದೆ.

ಸೇಟು ಬರೀ ಸಾಮಾನು ಕೊಡುವುದಿಲ್ಲ, ಅರ್ಥಶಾಸ್ತ್ರವನ್ನೂ ಬೋಧಿಸುತ್ತಾರೆ. ಅಕ್ಕಿ ಮೂಟೆ 25 ಕೆ.ಜಿ. ಇದ್ದದ್ದು 26 ಆದದ್ದು ಏಕೆಂದು ನಮ್ಮನೆಯವರು ಕೇಳಿದಾಗ ಅವರ ಮುಖದಲ್ಲಿ ಮೇಷ್ಟರ ಕಳೆ ಬಂತು. 2022ರ ಜುಲೈ 18ರಿಂದ, 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟಿಗೆಲ್ಲ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ, ಬಿಡಿಯಾಗಿ ತೂಗಿ ಕೊಟ್ಟರೂ ಇಲ್ಲ. ಗಿರಣಿಯವರು ಮೂಟೆಗೆ ಒಂದು ಕೆ.ಜಿ. ಸೇರಿಸಿದರು, ತೆರಿಗೆ ಜಾರಿತು. ದೇಶದ ತೆರಿಗೆ ನೀತಿ ಒಂದು ಕೆ.ಜಿ. ಸೋನಾ ಮಸೂರಿಯ ಕೆಳಗೆ ಸಿಕ್ಕಿಹಾಕಿಕೊಂಡ ಕಥೆ ಕೇಳಿ ನಮ್ಮನೆಯವರಿಗೆ ಎಷ್ಟು ಖುಷಿಯಾಯಿತೆಂದರೆ, ಆ ಮೂಟೆಯನ್ನು ಹೆಗಲ ಮೇಲೆ ತಾವೇ ಹೊತ್ತು ತಂದರು. ಎರಡನೇ ಮಹಡಿ ತಲುಪುವಾಗ ಆ ಹೆಚ್ಚುವರಿ ಒಂದು ಕೆ.ಜಿ.ಯ ಬಗ್ಗೆ ಅವರ ಅಭಿಪ್ರಾಯ ಬದಲಾಗಿತ್ತು.

ಇದೇ ಅಂಗಡಿಗಳ ಗೋಡೆಯ ಮೇಲೆ 2025ರ ಜುಲೈನಲ್ಲಿ ಇದ್ದಕ್ಕಿದ್ದಂತೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಕಾಣಿಸಿಕೊಂಡವು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಕಾಲ ಅದು. ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದ ಸಾಮಾನಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಬೇಕೆಂಬ ಕಾನೂನು ಆಗ ಎಲ್ಲರಿಗೂ ಬಾಯಿಪಾಠವಾಯಿತು. ಹೂವಿನವಳೂ ಕ್ಯೂಆರ್ ಕೋಡನ್ನು ಸೆರಗಿನಿಂದ ಮುಚ್ಚಿಕೊಂಡಳು. ಪರ್ಸನ್ನೇ ಮರೆತಿದ್ದ ಬೆಂಗಳೂರು ಚಿಲ್ಲರೆ ಹುಡುಕಿಕೊಂಡು ಮೆಡಿಕಲ್ ಸ್ಟೋರಿನಿಂದ ಮೆಡಿಕಲ್ ಸ್ಟೋರಿಗೆ ಅಲೆದದ್ದೇ ಅಲೆದದ್ದು. ಆಗ ಮನೆಯಲ್ಲಿ ಸಾಸಿವೆ ಡಬ್ಬಿ ಇಟ್ಟುಕೊಂಡ ನಮ್ಮಂಥವರೇ ರಾಣಿಯರು. ಸಾಸಿವೆಗೇನೂ ಬೇಡಿಕೆ ಇರಲಿಲ್ಲ, ಅದರಡಿಯ ನೋಟುಗಳಿಗಿತ್ತು.

ಸೂಪರ್‌ಮಾರ್ಕೆಟ್ ಕೊಡುವ ಹೆಮ್ಮೆಯೇ ಬೇರೆ. ಅದರ ಹೆಸರು ಉಳಿತಾಯ. ನಮ್ಮನೆಯವರು ಬಿಲ್ಲನ್ನು ಕೊನೆಯ ಸಾಲಿನಿಂದ ಓದುವವರು. "ಇವತ್ತು ನೀವು ಉಳಿಸಿದ ಮೊತ್ತ" ಎಂದು ಅಲ್ಲಿ ಅಚ್ಚಾಗಿರುತ್ತದಲ್ಲ, ಅದನ್ನು ಮೂರು ಸಲ ಓದಿ, ನನಗೂ ಓದಿಸಿ, ಬಿಲ್ಲು ಮಡಚಿ ಜೇಬಿಗಿಡುತ್ತಾರೆ. ಖರ್ಚಾದದ್ದೆಷ್ಟು ಎಂಬ ಸಾಲು ಅದೇ ಕಾಗದದಲ್ಲಿದೆ, ಅದೂ ದಪ್ಪ ಅಕ್ಷರದಲ್ಲಿ. ಆದರೆ ಅದನ್ನು ಓದಲು ಅವರಿಗೆ ಬೇರೆ ಕನ್ನಡಕ ಬೇಕು. ಈ ಉಳಿತಾಯದ ಗುಟ್ಟು ಎಂಆರ್‌ಪಿಯಲ್ಲಿದೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂದು ಕಾನೂನು ಹೇಳುತ್ತದೆ. ಪೊಟ್ಟಣದ ಮೇಲೆ ದೊಡ್ಡ ಸಂಖ್ಯೆ ಅಚ್ಚು ಹಾಕಿ, ಅರ್ಧಕ್ಕೆ ಮಾರಿ, ಗಿರಾಕಿಯಿಂದ ಥ್ಯಾಂಕ್ಸ್ ಹೇಳಿಸಿಕೊಳ್ಳಬಾರದು ಎಂದು ಅದು ಹೇಳಿಲ್ಲ.

ಅಲ್ಲಿ ಉಪ್ಪು, ಸಕ್ಕರೆ ಸದಾ ಕಟ್ಟಕಡೆಯ ಮೂಲೆಯಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಬಿಸ್ಕತ್ತು, ಬಕೆಟ್ಟು, ಬೆಡ್‌ಶೀಟು, ಎರಡು ಕೊಂಡರೆ ಒಂದು ಉಚಿತದ ಫಿನಾಯಿಲ್. ಉಪ್ಪು ತರಲು ಹೋದ ನಮ್ಮನೆಯವರು ಇವೆಲ್ಲವನ್ನೂ ತಂದು, ಉಪ್ಪು ಮರೆತು ಬರುತ್ತಾರೆ. ಕೇಳಿದರೆ, "ಅದರಲ್ಲೇನೂ ಡಿಸ್ಕೌಂಟ್ ಇರ್ಲಿಲ್ಲ." ಜಾಣರು ನೋಡಬೇಕಾದದ್ದು ದಪ್ಪಕ್ಷರದ ಆಫರನ್ನಲ್ಲ. ಪೊಟ್ಟಣದ ಮೇಲೆ ಗ್ರಾಂಗೆ ಇಷ್ಟು, ಲೀಟರಿಗೆ ಇಷ್ಟು ಎಂದು ಇರುವೆ ಕಾಲಿನಷ್ಟು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು. ಅಡುಗೆ ಎಣ್ಣೆ ಒಂದು ಲೀಟರ್ ಅಂದರೆ 910 ಗ್ರಾಂ. ಪಕ್ಕದಲ್ಲಿ ಅಷ್ಟೇ ಎತ್ತರ, ಅಷ್ಟೇ ಬಣ್ಣದ ಇನ್ನೊಂದು ಪೊಟ್ಟಣ ಕಡಿಮೆ ಬೆಲೆಗೆ ನಗುತ್ತಿದ್ದರೆ ಅದರೊಳಗಿನ ಗ್ರಾಂ ಓದಿಕೊಳ್ಳಿ. ಓದಿಕೊಳ್ಳಲು ಹೋದರೆ ಹಿಂದಿನ ಟ್ರಾಲಿಯವರು ಹಿಮ್ಮಡಿಗೆ ಗುದ್ದುತ್ತಾರೆ, ಅದು ಬೇರೆ ಮಾತು. ಇನ್ನು ಕೈಚೀಲ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೆ ದೊಡ್ಡ ಅಂಗಡಿಗಳು ಬಟ್ಟೆ ಚೀಲವನ್ನು ಮಾರುತ್ತವೆ. ನಾವು ಪ್ರತಿ ಸಲ ಚೀಲ ಮರೆತು ಹೋಗಿ ಪರಿಸರವನ್ನು ಕಾಪಾಡುತ್ತೇವೆ. ನಮ್ಮ ಅಟ್ಟದಲ್ಲಿ ಕಾಪಾಡಲ್ಪಟ್ಟ ಪರಿಸರ ಎರಡು ಗೋಣಿಯಷ್ಟಿದೆ.

ರಾಯರಿಗೆ ಇದೆಲ್ಲ ಮಕ್ಕಳಾಟ. ಅವರು ಮಾರುಕಟ್ಟೆಯ ಮನುಷ್ಯ. ಬೆಳ್ಳಿ ಮೂಡುವ ಮೊದಲು ಎದ್ದು, ಮಫ್ಲರ್ ಸುತ್ತಿ, ಸಿಟಿ ಬಸ್ ಹತ್ತಿ ಕೆ.ಆರ್. ಮಾರ್ಕೆಟ್‌ಗೆ ಹೊರಡುತ್ತಾರೆ. ಹಬ್ಬ ಬಂತೆಂದರೆ ಅಲ್ಲಿಂದ ಹೂವು, ಬಾಳೆಕಂದು, ಬೂದುಗುಂಬಳ. ಈರುಳ್ಳಿ, ಬೆಳ್ಳುಳ್ಳಿ, ಬೆಲ್ಲಕ್ಕೆ ಯಶವಂತಪುರ ಎಪಿಎಂಸಿ. ಮಾರುಕಟ್ಟೆ ಮಾರುವ ಹೆಮ್ಮೆಯ ಹೆಸರು ಜಾಣತನ. ರಾಯರು ಈರುಳ್ಳಿ ಮೂಟೆ ಇಳಿಸಿದ ದಿನ ಇಡೀ ಕಟ್ಟಡಕ್ಕೆ ಮೆಟ್ಟಿಲ ಮೇಲೆ ಉಪನ್ಯಾಸ. ಕೆ.ಜಿ.ಗೆ ಎಷ್ಟು ಉಳಿಯಿತು, ದಲ್ಲಾಳಿ ಏನಂದ, ತಾವು ಏನಂದರು, ಅವನು ಹೇಗೆ ತಲೆ ತಗ್ಗಿಸಿದ. ಮೂಟೆ ತಂದ ಆಟೋದ ಬಾಡಿಗೆ ಕೇಳಬಾರದು. ಕೇಳಿದರೆ, "ಆಟೋಗೆ ಹೇಗೂ ಕೊಡ್ಬೇಕಿತ್ತು" ಎನ್ನುತ್ತಾರೆ. ಏಕೆ ಕೊಡಬೇಕಿತ್ತು ಎಂದು ಇದುವರೆಗೆ ಯಾರಿಗೂ ಗೊತ್ತಾಗಿಲ್ಲ.

ಆ ಮನೆಯಲ್ಲಿ ಇರುವುದು ಇಬ್ಬರೇ. ಮೂಟೆ ಅರ್ಧವಾಗುವಷ್ಟರಲ್ಲಿ ಈರುಳ್ಳಿ ಮೊಳಕೆಯೊಡೆಯುತ್ತದೆ. ಆಗ ರಾಯರ ಹೆಂಡತಿ ಒಂದೊಂದು ಪಾತ್ರೆ ತುಂಬಿ ಎಲ್ಲರ ಮನೆಗೂ ಹಂಚುತ್ತಾರೆ. "ನಮ್ಮೋರು ಹೋಲ್‌ಸೇಲ್‌ನಲ್ಲಿ ತಂದ್ರು ನೋಡಿ, ಎಷ್ಟು ಸೋವಿ ಅಂತೀರಾ!" ಎಂದು ಹೇಳುವಾಗ ಆ ತಾಯಿಯ ಕಣ್ಣಲ್ಲಿ ನೀರು. ಈರುಳ್ಳಿಯದೋ ರಾಯರದೋ, ಕೇಳುವುದು ಚೆನ್ನಾಗಿರುವುದಿಲ್ಲ. ನಿಜವಾಗಿ ಸೋವಿಯಾದದ್ದು ನಮಗೆ. ಸಗಟು ಮಾರುಕಟ್ಟೆಯ ಪೂರ್ತಿ ಲಾಭ ಬೇಕಿದ್ದರೆ ಅಲ್ಲಿಗೆ ಹೋಗಬಾರದು, ಹೋಗುವವರ ಕೆಳಗಿನ ಮನೆ ಬಾಡಿಗೆಗೆ ಹಿಡಿಯಬೇಕು.

ಹಾಪ್‌ಕಾಮ್ಸ್ ಮಳಿಗೆಯಲ್ಲಿ ಸಿಗುವ ಹೆಮ್ಮೆ ಧರ್ಮದ್ದು. 1959ರಲ್ಲಿ, ಲಾಲ್‌ಬಾಗಿನ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು. ದ್ರಾಕ್ಷಿಯಿಂದ ಶುರುವಾಗಿ ಈಗ ನುಗ್ಗೆಕಾಯಿಯವರೆಗೂ ಬೆಳೆದಿದೆ. ಬೇಸಿಗೆ ಹತ್ತಿರವಾದಾಗ ದ್ರಾಕ್ಷಿ, ಕಲ್ಲಂಗಡಿ ಮೇಳ ಮಾಡಿ ಹಳೆಯ ಋಣವನ್ನೂ ತೀರಿಸುತ್ತದೆ. ದರ ಬೋರ್ಡಿನ ಮೇಲೆ ಬರೆದಿರುತ್ತದೆ, ಚೌಕಾಸಿ ಇಲ್ಲ, ರೈತನಿಂದ ನೇರ ಬಂದ ತರಕಾರಿ. ಅಲ್ಲಿಂದ ಬೀನ್ಸ್ ತಂದವರು ಅದನ್ನು ಬರೀ ಬೀನ್ಸ್ ಎಂದು ಪಲ್ಯ ಮಾಡುವುದಿಲ್ಲ, ರೈತನಿಗೆ ನ್ಯಾಯ ಸಿಕ್ಕಿತು ಎಂದು ಒಗ್ಗರಣೆ ಹಾಕುತ್ತಾರೆ. ಓನರ್ ಆಂಟಿಗೆ ಮಾತ್ರ ಅಲ್ಲಿ ಒಂದು ಕೊರಗು. ಚೌಕಾಸಿ ಮಾಡದೆ ತಂದ ತರಕಾರಿ ಅವರಿಗೆ ಅರಗುವುದಿಲ್ಲ.

ಹಾಲಿನ ವಿಷಯದಲ್ಲಿ ನಾಲ್ಕೂ ಮನೆಗೆ ಒಮ್ಮತ: ನಂದಿನಿ. ಭಿನ್ನಮತ ಏನಿದ್ದರೂ ಪೊಟ್ಟಣದ ಬಣ್ಣದಲ್ಲಿ. 2024ರ ಜೂನ್ ಕೊನೆಯಲ್ಲಿ ಅರ್ಧ ಲೀಟರಿನ ಪೊಟ್ಟಣಕ್ಕೆ 50 ಮಿ.ಲೀ. ಹಾಲು ಸೇರಿ ಬೆಲೆಗೆ ಎರಡು ರೂಪಾಯಿ ಸೇರಿತು. 2025ರ ಏಪ್ರಿಲ್‌ನಲ್ಲಿ ಹಾಲು ಹಳೆಯ ಅಳತೆಗೆ ಮರಳಿತು, ಬೆಲೆ ಮರಳಲಿಲ್ಲ, ಲೀಟರಿಗೆ ನಾಲ್ಕು ರೂಪಾಯಿ ಮೇಲೆ ಹೋಯಿತು. ಆ ಹೆಚ್ಚುವರಿ 50 ಮಿ.ಲೀ. ಇದ್ದಷ್ಟು ದಿನ ನಮ್ಮನೆಯವರು ಅದು ಎಲ್ಲಿ ಹೋಗುತ್ತದೆಂದು ಪತ್ತೆ ಮಾಡಲು ಹೊರಟಿದ್ದರು. ನಾನು ಮಧ್ಯಾಹ್ನ ಒಂದು ಲೋಟ ಕಾಫಿ ಜಾಸ್ತಿ ಕುಡಿಯುತ್ತಿದ್ದೆ. ತನಿಖೆ ಅಪೂರ್ಣವಾಗಿಯೇ ಮುಗಿಯಿತು.

ತಳ್ಳುಗಾಡಿಗೆ ಬಂದರೆ ಅಲ್ಲಿ ಮಾರಾಟಕ್ಕಿರುವುದು ಗೆಲುವು. ದಂಟು, ಸಬ್ಬಸಿಗೆ, ಚಕ್ಕೋತ, ಹೊನಗನ್ನೆ ಎಂದು ಸೊಪ್ಪಿನವಳು ಕೂಗುತ್ತಾ ಬಂದಳೆಂದರೆ ಬೀದಿಯ ಗೇಟುಗಳೆಲ್ಲ ಒಟ್ಟಿಗೆ ಕಿರುಗುಟ್ಟುತ್ತವೆ. ಮಸ್ಸೊಪ್ಪು, ಬಸ್ಸಾರಿನ ಊರಿದು. ಇಲ್ಲಿಗೆ ಬಂದ ಮೇಲೆ ಮಲೆನಾಡಿನವರೂ ಒಂದು ಕಟ್ಟಿನ ಜಾಗದಲ್ಲಿ ಮೂರು ಕಟ್ಟು ತರಲು ಕಲಿಯುತ್ತಾರೆ. ಕಟ್ಟಿಗೆ ಇಪ್ಪತ್ತು ಅಂದರೆ ಆಂಟಿ ಹದಿನೈದು ಅನ್ನುತ್ತಾರೆ. ಅವಳು ಗಾಡಿ ತಳ್ಳಿಕೊಂಡು ನಾಲ್ಕು ಹೆಜ್ಜೆ ಹೋಗುತ್ತಾಳೆ, ಇವರು ಗೇಟು ಹಾಕುವವರ ಹಾಗೆ ಮಾಡುತ್ತಾರೆ. ನಾಲ್ಕನೇ ಹೆಜ್ಜೆಗೆ ಅವಳು ನಿಲ್ಲುವುದೂ ಇವರು ತಿರುಗುವುದೂ ಒಂದೇ ಗಳಿಗೆ. ಕೊನೆಗೆ ಇಪ್ಪತ್ತನ್ನೇ ಕೊಟ್ಟು, ಕೊಸರಿಗೆ ಒಂದು ಹಿಡಿ ಕರಿಬೇವು ಎಳೆದುಕೊಂಡು, ರಣರಂಗ ಗೆದ್ದ ಮುಖದಲ್ಲಿ ಒಳಗೆ ಬರುತ್ತಾರೆ. ಕರಿಬೇವಿನ ಗಿಡ ಅವರ ಹಿತ್ತಲಲ್ಲೇ ಇದೆ. ಅವರೆಕಾಯಿ ಕಾಲದಲ್ಲಂತೂ ಈ ಯುದ್ಧಕ್ಕೆ ಸೊಗಡಿನ ವಾಸನೆಯೂ ಸೇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನವರಿಗೆ ಅವರೆಕಾಯಿ ಬಿಟ್ಟು ಬೇರೆ ತರಕಾರಿ ಕಣ್ಣಿಗೇ ಬೀಳುವುದಿಲ್ಲ. ಮಾಗಡಿಯದ್ದಾ ಎಂದು ಕೇಳುವುದು ಗಿರಾಕಿಯ ಧರ್ಮ, ಹೌದು ಅನ್ನುವುದು ಗಾಡಿಯವನ ಧರ್ಮ.

ಎದುರು ಮನೆಯ ಹುಡುಗಿಗೆ ಇವೆಲ್ಲ ಬೇರೆ ಯುಗದ ಸುದ್ದಿ. 2011ರಲ್ಲಿ ಬಿಗ್‌ಬಾಸ್ಕೆಟ್ ಶುರುವಾದದ್ದು ಇದೇ ಊರಿನಲ್ಲಿ. ಆಗ ಇವತ್ತು ಹೇಳಿದರೆ ನಾಳೆ ಬರುತ್ತಿತ್ತು, ಅದೇ ದೊಡ್ಡ ಬೆರಗು. ಈಗ ಬಡಾವಣೆಗೊಂದು ಡಾರ್ಕ್ ಸ್ಟೋರ್ ಎಂಬ ಬಾಗಿಲು ಮುಚ್ಚಿದ ಗೋದಾಮು; ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ತರಿಸಬಹುದು. ಆ್ಯಪ್ ಮಾರುವ ಹೆಮ್ಮೆ ಎಂದರೆ ಸಮಯದ ಉಳಿತಾಯ. ಒಂದು ತುಂಡು ಶುಂಠಿ ಬೇಕು ಎಂದು ಅವಳು ಫೋನು ತೆಗೆಯುತ್ತಾಳೆ. ಇಷ್ಟು ಮೊತ್ತವಾದರೆ ಡೆಲಿವರಿ ಉಚಿತ ಎನ್ನುತ್ತದೆ ಅದು. ಮೊತ್ತ ತುಂಬಿಸಲು ಚಿಪ್ಸು, ಶಾಂಪೂ, ಒಂದು ಕಳ್ಳಿ ಗಿಡ. ಮೇಲೆ ಹ್ಯಾಂಡ್ಲಿಂಗ್ ಚಾರ್ಜು, ಮೋಡವಿದ್ದರೆ ಮಳೆಯ ಚಾರ್ಜು. ಇಷ್ಟೆಲ್ಲ ಆರಿಸಲು ಅರ್ಧ ಗಂಟೆ. ತಂದುಕೊಡುವ ಹುಡುಗನಿಗೆ ಮಾತ್ರ ಹತ್ತು ನಿಮಿಷ. ಅವನು ಟ್ರಾಫಿಕ್ಕಿನಲ್ಲಿ ನುಗ್ಗಿ ಎರಡು ಮಹಡಿ ಹತ್ತಿ ಬರುವಾಗ ಈಕೆ ಸೋಫಾದಲ್ಲಿ ಕೂತು ಭೂಪಟದ ಮೇಲೆ ಅವನ ಬೈಕು ಚಲಿಸುವುದನ್ನೇ ನೋಡುತ್ತಿರುತ್ತಾಳೆ. ಉಳಿದ ಸಮಯ ಹೀಗೆ ಸದುಪಯೋಗವಾಗುತ್ತದೆ. ಶುಂಠಿ ಮೂಲೆ ಅಂಗಡಿಯಲ್ಲಿತ್ತಲ್ಲ ಅಂದರೆ, "ಅಲ್ಲಿ ಮಾತಾಡ್ಬೇಕು ಆಂಟಿ" ಅನ್ನುತ್ತಾಳೆ. ಆ "ಆಂಟಿ"ಯನ್ನು ಕ್ಷಮಿಸಿದ್ದೇನೆ. ತುರ್ತಿಗೆ ಬೇಕಾದ ಹುಡುಗಿ.

ಇಷ್ಟಾದರೂ ಬೆಂಗಳೂರಿಗರ ನಿಜವಾದ ದಿನಸಿ ಅಂಗಡಿಗೆ ಬೋರ್ಡಿಲ್ಲ. ಸೋಮವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ನಿಂತು ನೋಡಿ. ರಾತ್ರಿ ಬಸ್ಸುಗಳ ಹೊಟ್ಟೆಯಿಂದ ಊರುಗಳೇ ಇಳಿಯುತ್ತವೆ. ಉತ್ತರ ಕರ್ನಾಟಕದವರ ಡಬ್ಬಿಯಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಕರಾವಳಿಯವರ ಚೀಲದಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ. ಮಂಡ್ಯದವರ ಕೈಯಲ್ಲಿ ಬೆಲ್ಲ, ರಾಗಿ. ನಮ್ಮಂಥ ಮಲೆನಾಡಿನವರ ಬಳಿ ಸೋರದಿರಲಿ ಎಂದು ಏಳು ಸುತ್ತು ಪ್ಲಾಸ್ಟಿಕ್ ಸುತ್ತಿದ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ. ಅತ್ತೆ ಬಂದಾಗಲೆಲ್ಲ ತೆಂಗಿನಕಾಯಿ ಹೊತ್ತು ತರುತ್ತಾರೆ. "ಇಲ್ಲೂ ಸಿಗತ್ತೆ ಅತ್ತೆ" ಅಂದರೆ, "ಸಿಗೋದೇನು ದೊಡ್ಡ ವಿಷ್ಯ, ಇದು ನಮ್ಮನೇದು" ಅನ್ನುತ್ತಾರೆ. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಿದ ಆ ಕಾಯಿಯ ಬೆಲೆ, ಬಸ್ ಚಾರ್ಜು, ಕೂಲಿ, ಅತ್ತೆಯ ಸೊಂಟನೋವಿನ ಮುಲಾಮು ಎಲ್ಲ ಸೇರಿಸಿದರೆ ಬೆಂಗಳೂರಿನಲ್ಲೇ ಅತಿ ದುಬಾರಿ. ಆದರೂ ಅತ್ತೆಯ ಲೆಕ್ಕದಲ್ಲಿ ಅದು ಪುಕ್ಕಟೆ. ಸೂಪರ್‌ಮಾರ್ಕೆಟ್ಟಿನ ಬಿಲ್ಲು ಬರೆಯುವವರು ಅತ್ತೆಯಿಂದ ಕಲಿಯುವುದು ಬಹಳವಿದೆ.

ಈಗ ಹೊಸಬರು ಕೇಳಬಹುದು, ಇಷ್ಟು ಹರಟಿದಿರಿ, ನಾವು ಎಲ್ಲಿಗೆ ಹೋಗಬೇಕು ಹೇಳಿಬಿಡಿ ಎಂದು. ನನ್ನ ಮಟ್ಟಿಗೆ ಬಿಡಿ ಬೇಳೆ, ಅಕ್ಕಿಗೆ ಸೇಟು, ಎಣ್ಣೆ, ಸೋಪಿಗೆ ಗ್ರಾಂ ಓದಿಕೊಂಡು ಸೂಪರ್‌ಮಾರ್ಕೆಟ್, ಸೊಪ್ಪಿಗೆ ಗಾಡಿ, ಹಣ್ಣಿಗೆ ಹಾಪ್‌ಕಾಮ್ಸ್, ಈರುಳ್ಳಿಗೆ ರಾಯರು. ಆದರೆ ಇದನ್ನು ನೀವು ಹಾಗೆಯೇ ಅನುಸರಿಸಿದರೆ ಉಪಯೋಗವಿಲ್ಲ. ರಾತ್ರಿ ಊಟಕ್ಕೆ ಕೂತಾಗ ಯಾವ ಬಡಾಯಿ ಕೊಚ್ಚಿದರೆ ನಿಮಗೆ ಅನ್ನ ಸೇರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಉಳಿಸಿದೆ ಅನ್ನಬೇಕೇ, ಗೆದ್ದೆ ಅನ್ನಬೇಕೇ, ರೈತನಿಗೆ ಒಳ್ಳೆಯದು ಮಾಡಿದೆ ಅನ್ನಬೇಕೇ, ಅಥವಾ ಅಂಗಡಿಯವನು ನನ್ನನ್ನು ಹೆಸರು ಹಿಡಿದು ಮಾತಾಡಿಸಿದ ಅನ್ನಬೇಕೇ? ಅದು ಗೊತ್ತಾದರೆ ಅಂಗಡಿ ತಾನಾಗಿಯೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮನೆ ನಡೆಯಬೇಕಾದರೆ ಚೀಟಿ ಬರೆಯುವವರೊಬ್ಬರು, ಸಾಮಾನು ತರುವವರೊಬ್ಬರು, ತಂದದ್ದಕ್ಕೆ ಕೊಂಕು ತೆಗೆಯುವವರೊಬ್ಬರು ಬೇಕು. ಈ ಮೂವರು ಇದ್ದರೆ ಯಾವ ಅಂಗಡಿಯಾದರೂ ನಡೆಯುತ್ತದೆ. ಬೆಂಗಳೂರಿನಲ್ಲಿ ಒಂಟಿಯಾಗಿದ್ದು ಮೂರನೆಯವರು ಸಿಗಲಿಲ್ಲವೆಂದು ಚಿಂತಿಸಬೇಡಿ. ಗೇಟಿನ ಹತ್ತಿರ ಚೀಲ ಹಿಡಿದು ಎರಡು ನಿಮಿಷ ನಿಂತರೆ ಸಾಕು, ಇಡೀ ಬೀದಿ ಬಂದು ಬಗ್ಗಿ ನೋಡಿ, "ಇದಕ್ಕೆ ಇಷ್ಟು ಕೊಟ್ರಾ?" ಎಂದು ಆ ಸ್ಥಾನವನ್ನು ತುಂಬುತ್ತದೆ. ಡೆಲಿವರಿ ಚಾರ್ಜಿಲ್ಲ.